ಎದೆ ಯಾಕೆ ಹೊಡೆದುಕೊಳ್ಳುತ್ತಿಲ್ಲ

ಕೆಂಪಿನ ಮೇಲಿರೋ ಅಕ್ಷರ ಚೆನ್ನಾಗಿ ಕಾಣುತ್ತಾ ಹಸಿರಿನ ಮೇಲಿರೋದಾ, ಎರಡೂ ಒಂದೇ ಥರ ಇದೆಯಲ್ಲಮ್ಮ, ಸರಿಯಾಗಿ ನೋಡಿ ಹೇಳಿ ತಾತ, ಸರಿಯಾಗಿ ಕಾಣೋ ಹಾಗಿದ್ರೆ ನಿನ್ನ ಹತ್ರ ಯಾಕೆ ಬರ್ತಿದ್ದೆ — ಮುದುಕ ದರ್ಜಿ ತಮ್ಮ ಮಾತಿಗೆ ತಾವೇ ನಗುತ್ತಾರೆ, ಕನ್ನಡಕದಂಗಡಿಯ ಹಿಂಬದಿಯ ಈ ಕತ್ತಲೆ ಕೋಣೆಯಲ್ಲಿ ಅವರ ಮೂಗಿನ ಮೇಲೆ ಪರೀಕ್ಷೆಯ ದುಂಡು ಚೌಕಟ್ಟು ಕೂತಿದೆ, ನಕ್ಕಾಗ ಅದರೊಳಗಿನ ಗಾಜುಗಳು ಕಿಣಿಕಿಣಿ ಅನ್ನುತ್ತವೆ, ನನ್ನ ಬೆರಳು ತಾನೇ ತಾನಾಗಿ ಪೆಟ್ಟಿಗೆಯಿಂದ ಇನ್ನೊಂದು ಗಾಜು ಎತ್ತಿ ಅವರ ಎಡಗಣ್ಣಿನ ಮುಂದೆ ಇಳಿಸುತ್ತದೆ, ಈಗ, ಈಗ ಹೇಗೆ, ಆಹಾ, ಈಗ ನೋಡಮ್ಮ, ಸೂಜಿಯ ಕಣ್ಣೂ ಕಾಣತ್ತೆ, ಭೇಷ್ — ಅಯ್ಯೋ ತಾತ, ಅದು ಬರೀ ಪ್ಲೇನ್ ಗಾಜು, ಅದರಲ್ಲಿ ಪವರ್ ಅನ್ನುವುದೇ ಇಲ್ಲ, ಕಿಟಕಿಗೆ ಹಾಕುವ ಗಾಜಿಗೂ ಅದಕ್ಕೂ ಏನೂ ವ್ಯತ್ಯಾಸವಿಲ್ಲ, ಆದರೆ ಹಾಗೆಂದು ಹೇಳುವಂತಿಲ್ಲ, ಇದು ನಮ್ಮ ಕಸುಬಿನ ಒಳಗುಟ್ಟು, ಆರಿಸಿ ಆರಿಸಿ ಸುಸ್ತಾದವರಿಗೆ ನಡುವೆ ಒಂದು ಪ್ಲೇನ್ ಗಾಜು ಇಟ್ಟು ಮುಖ ನೋಡಬೇಕು, ಅಂಗಡಿಯ ಯಜಮಾನರು, ಅಂದರೆ ನಾವೆಲ್ಲ ಬೆನ್ನ ಹಿಂದೆ ದುರ್ಬೀನು ಅಂತ ಕರೆಯುವವರು, ಮೊದಲ ದಿನವೇ ಕಲಿಸಿಕೊಟ್ಟಿದ್ದರು, ಕಣ್ಣು ಸುಳ್ಳು ಹೇಳಲ್ಲ ಮಗಳೇ, ಮನುಷ್ಯ ಹೇಳ್ತಾನೆ, ಪಾಪ ಬೇಕಂತ ಅಲ್ಲ, ಚೆನ್ನಾಗಿ ಕಾಣ್ಲಿ ಅನ್ನೋ ಆಸೆಗೆ. ಆ ಆಸೆಗೆ ಏನು ಮಾಡುವುದು, ಅದನ್ನು ಅಳೆಯುವ ಗಾಜು ಪೆಟ್ಟಿಗೆಯಲ್ಲಿಲ್ಲ — ಅಷ್ಟರಲ್ಲಿ ಕೋಟಿನ ಜೇಬಿನಲ್ಲಿ ಫೋನು ಗುರ್ ಅಂತು, ಅಮ್ಮ, ಈ ಹೊತ್ತಿನಲ್ಲಿ ಅಮ್ಮ ಫೋನು ಮಾಡುವುದಿಲ್ಲ, ಎತ್ತಿದೆ, ನಮ್ಮಮ್ಮ ಬಿದ್ಬಿಟ್ಳು ಕಣೇ, ಬಚ್ಚಲಲ್ಲಿ, ಕಾಲೂರೋಕೇ ಆಗ್ತಿಲ್ಲ, ಆಸ್ಪತ್ರೆಗೆ ಕರ್ಕೊಂಡು ಬಂದಿದೀವಿ, ದೊಡ್ಡಾಸ್ಪತ್ರೆಗೆ, ಬಾ, ನೋಡು ನೀನು ಮಾತ್ರ ಗಾಬರಿ ಆಗ್ಬೇಡ, ನಿನ್ನ ಎತ್ತಿಕೊಂಡು ಓಡಾಡೋಕೆ ಇವತ್ತು ಇಲ್ಲಿ ಯಾರಿಗೂ ಪುರುಸೊತ್ತಿಲ್ಲ. ಸರಿ, ಬರ್ತೀನಿ ಅಂದೆ. ಅಂದು, ಫೋನು ಜೇಬಿಗಿಟ್ಟು, ದರ್ಜಿಯ ಕಡೆ ತಿರುಗಿ, ಎಡಗಣ್ಣು ಆಯ್ತು ತಾತ, ಈಗ ಎರಡೂ ಕಣ್ಣು ತೆರೆದು ಕೊನೆಯ ಸಾಲು ಓದಿ ಅಂದೆ. ಓದಿದರು. ಆಮೇಲಷ್ಟೇ ನಾನು ಕೋಟು ಕಳಚಿದ್ದು. ಎಲ್ಲ ಆದಮೇಲೆ, ಬಾಗಿಲ ಹಿಡಿಗೆ ಕೈ ಹಾಕಿದಾಗ ಹೊಳೆಯಿತು, ಅಜ್ಜಿ ಬಿದ್ದಿದ್ದಾಳೆ, ನನ್ನನ್ನು ಸಾಕಿದ ಅಜ್ಜಿ, ಆದರೂ ನನ್ನ ಎದೆ ಹೊಡೆದುಕೊಳ್ಳುತ್ತಿಲ್ಲ.

ಬೀದಿಯ ಬಿಸಿಲು ಕಣ್ಣಿಗೆ ಚುಚ್ಚುತ್ತದೆ, ಬಸ್ ನಿಲ್ದಾಣದ ತನಕ ನಡೆಯುತ್ತ ನಾನು ನನ್ನೊಳಗೆ ಹುಡುಕುತ್ತಿದ್ದೇನೆ, ಕೀಲಿಕೈ ಎಲ್ಲಿಟ್ಟೆ ಅಂತ ಜೇಬು ಜೇಬು ತಡಕಿದ ಹಾಗೆ, ಇಲ್ಲೇ ಇತ್ತಲ್ಲ, ಗಂಟಲ ಕೆಳಗೆ, ಎದೆಯ ಎಡಕ್ಕೆ, ಹೊಟ್ಟೆಯ ಮೇಲೆ, ಹುಟ್ಟಿದಾಗಿನಿಂದ ಇದ್ದದ್ದು, ಹುಲ್ಲುಕಡ್ಡಿ ಅಲ್ಲಾಡಿದರೂ ಎದ್ದು ಕೂರುತ್ತಿದ್ದ ಆ ಭಯ — ಹಿಂದೊಮ್ಮೆ ಅಮ್ಮ ಹೀಗೇ ಹೊತ್ತಲ್ಲದ ಹೊತ್ತಿನಲ್ಲಿ ಫೋನು ಮಾಡಿದಾಗ, ಪರದೆಯ ಮೇಲೆ ಅವಳ ಹೆಸರು ಕಂಡದ್ದೇ ತಡ, ಅಪ್ಪನೋ ಅಜ್ಜಿಯೋ ಯಾರೋ ಹೋದರು ಅಂತಲೇ ತೀರ್ಮಾನವಾಗಿ ಕೈಕಾಲು ತಣ್ಣಗಾಗಿ ಅಂಗಡಿಯ ನೆಲದ ಮೇಲೆ ಕೂತುಬಿಟ್ಟಿದ್ದೆ, ಗಾಜು ಉಜ್ಜುವ ಸಾಣೆಯಣ್ಣ ಓಡಿಬಂದು ಏನೂ ಸಿಗದೆ ಕನ್ನಡಕ ಒರೆಸುವ ನೀರನ್ನೇ ಮುಖಕ್ಕೆ ಪುಸ್ ಪುಸ್ ಅಂತ ಹೊಡೆದಿದ್ದ, ಆಮೇಲೆ ಅವನೇ ಫೋನು ಎತ್ತಿ ಕೇಳಿ, ನಿಮ್ಮಮ್ಮ ಕೇಳ್ತಿದಾರೆ, ಕಿಟಕಿಗೆ ನೀಲಿ ಪರದೆ ತಗೊಳ್ಳೋದಾ ಹಸಿರಾ ಅಂತ, ಏನು ಹೇಳ್ಲಿ? ನೀಲಿ ಅಂದೆ, ನೆಲದ ಮೇಲೆ ಕೂತೇ, ಸಾಯುವವಳಂತೆ, ನೀಲಿ. ಇಡೀ ಅಂಗಡಿ ಬಿದ್ದು ಬಿದ್ದು ನಕ್ಕಿತು, ನಾನೂ ನಕ್ಕೆ, ನಗುವಾಗಲೂ ಎದೆ ಮಾತ್ರ ಬೆನ್ನಟ್ಟಿದ ಮೊಲದಂತೆ ಓಡುತ್ತಲೇ ಇತ್ತು, ಮನೆಗೆ ಬಂದರೂ, ಮಲಗಿದರೂ. ಆ ವಾರವೇ ನಾನು ಡಾಕ್ಟರಮ್ಮನ ಹತ್ತಿರ ಹೋದದ್ದು. ಅವರು ಎಲ್ಲ ಕೇಳಿಸಿಕೊಂಡು ಮಾತ್ರೆ ಬರೆದು, ಇದು ಖಿನ್ನತೆಗೆ ಕೊಡೋ ಮಾತ್ರೆ, ಹೆಸರು ಓದಿ ಹೆದರ್ಕೋಬೇಡಿ ಅಂದರು, ಆದರೆ ಡಾಕ್ಟ್ರೇ ನನಗೆ ದುಃಖ ಇಲ್ವಲ್ಲ, ನನಗಿರೋದು ಹೆದರಿಕೆ, ಗೊತ್ತಮ್ಮ, ಹುಟ್ಟಿದ್ದು ಒಂದಕ್ಕೆ, ಕೆಲಸಕ್ಕೆ ಬರೋದು ಎರಡಕ್ಕೂ, ಎಲ್ಲರಿಗೂ ಬರತ್ತಾ, ಎಲ್ಲರಿಗೂ ಇಲ್ಲ, ಸುಮಾರು ಜನಕ್ಕೆ, ನನಗೆ, ಅದನ್ನ ನೀವೇ ನನಗೆ ಹೇಳ್ಬೇಕು, ಕೆಲವು ವಾರ ಆಗ್ಲಿ. ನೀವೇ ಹೇಳಬೇಕು! ಕೆಂಪು ಚೆನ್ನಾಗಿದೆಯಾ ಹಸಿರಾ ಅಂತ ದಿನವಿಡೀ ಜನರನ್ನು ಪೀಡಿಸುವವಳಿಗೆ ಅದೇ ಪ್ರಶ್ನೆ ತಿರುಗಿ ಬಂದಿತ್ತು, ನಾನೂ ಆ ದರ್ಜಿಯ ಹಾಗೆಯೇ, ಎರಡೂ ಒಂದೇ ಥರ ಇದೆಯಲ್ಲಮ್ಮ.

ಬಸ್ಸು ಬಂತು, ಹತ್ತಿದೆ, ಕಿಟಕಿ ಪಕ್ಕ ಜಾಗವೂ ಸಿಕ್ಕಿತು, ಅಜ್ಜಿ ಬಿದ್ದ ದಿನ ನಾನು ಕಿಟಕಿ ಪಕ್ಕ ಕೂತು ಹೋಗುತ್ತಿದ್ದೇನೆ, ನಾಚಿಕೆಯಾಗಬೇಕು, ಆಗುತ್ತಿದೆಯಾ, ಸ್ವಲ್ಪ ಆಗುತ್ತಿದೆ, ಸರಿ, ಅಷ್ಟಾದರೂ ಇದೆ. ಎಡ ಅಂಗೈಯಲ್ಲಿ ಏನೋ ಗಟ್ಟಿ, ದುಂಡಗೆ, ಬೆವರಿಗೆ ಅಂಟಿಕೊಂಡಿದೆ, ಮುಷ್ಟಿ ಬಿಚ್ಚಿದರೆ ಪರೀಕ್ಷೆಯ ಗಾಜು, ಅಯ್ಯೋ ದೇವರೇ, ದರ್ಜಿಯ ಚೌಕಟ್ಟಿನಿಂದ ತೆಗೆದದ್ದನ್ನು ಪೆಟ್ಟಿಗೆಗೆ ಹಾಕದೆ ಕೈಯಲ್ಲೇ ಹಿಡಿದು ಬಂದುಬಿಟ್ಟಿದ್ದೇನೆ, ದುರ್ಬೀನು ಸಂಜೆ ಪೆಟ್ಟಿಗೆ ತೆರೆದು ಆ ಒಂದು ಖಾಲಿ ಗುಳಿ ನೋಡಿ ಕೂಗಾಡುತ್ತಾರೆ, ಆದರೆ ಯಾವ ಗಾಜು ಇದು, ಪ್ಲೇನಾ, ಅಥವಾ ಪವರ್ ಇರುವುದನ್ನು ತಂದು ಪ್ಲೇನನ್ನೇ ಅವರ ಕಣ್ಣಿನ ಮುಂದೆ ಬಿಟ್ಟು ಬಂದೆನಾ — ನೋಡುವುದು ಸುಲಭ, ಗಾಜನ್ನು ಕೈಯಳತೆಯಲ್ಲಿ ಹಿಡಿದು ಅದರೊಳಗಿಂದ ನೆಟ್ಟಗಿನ ಯಾವುದಾದರೂ ಗೆರೆಯನ್ನು ನೋಡುತ್ತ ಅತ್ತಿತ್ತ ಆಡಿಸಬೇಕು, ಪವರ್ ಇದ್ದರೆ ಗೆರೆ ಓಡುತ್ತದೆ, ಇಲ್ಲದಿದ್ದರೆ ನಿಂತಲ್ಲೇ ನಿಲ್ಲುತ್ತದೆ. ಬಸ್ಸಿನ ಕಿಟಕಿಯ ಕಂಬಿಗೆ ಹಿಡಿದು ಆಡಿಸುತ್ತೇನೆ, ಎಡಕ್ಕೆ, ಬಲಕ್ಕೆ, ಪಕ್ಕದ ಹೆಂಗಸು ನನ್ನನ್ನು ವಿಚಿತ್ರವಾಗಿ ನೋಡಿ ತನ್ನ ಚೀಲ ಹತ್ತಿರಕ್ಕೆ ಎಳೆದುಕೊಳ್ಳುತ್ತಾಳೆ, ಕಂಬಿ ಅಲುಗುವುದಿಲ್ಲ. ಪ್ಲೇನು. ಬದುಕಿದೆ. ಆದರೆ ಬದುಕಿದೆ ಅನ್ನಿಸಿದ್ದು ಮಾತಿನಲ್ಲಿ ಮಾತ್ರ, ಎದೆ ಅಲ್ಲೂ ಸುಮ್ಮನಿತ್ತು. ಮಾತ್ರೆಯನ್ನೂ ಹೀಗೆ ಕಂಬಿಯ ಮುಂದೆ ಹಿಡಿದು ಆಡಿಸಿ ನೋಡುವ ಹಾಗಿದ್ದರೆ — ಮೊದಮೊದಲು ಅದು ಇದ್ದ ಭಯವನ್ನು ಇನ್ನಷ್ಟು ಕೆದಕಿತ್ತು, ಹೊಟ್ಟೆ ತೊಳಸು, ಕಾಲು ನಿಂತಲ್ಲಿ ನಿಲ್ಲದು, ಡಬ್ಬಿಯೊಳಗಿನ ಚೀಟಿ ಬಿಡಿಸಿ ಓದಿದರೆ ಅಡ್ಡ ಪರಿಣಾಮಗಳಲ್ಲಿ ಆತಂಕ ಅಂತಲೂ ಬರೆದಿತ್ತು, ಹೆದರಿಕೆಗೆ ಕೊಟ್ಟ ಮದ್ದಿನಿಂದ ಹೆದರಿಕೆ, ಇದನ್ನು ಓದಿ ಚಿಕ್ಕಮ್ಮ, ಬಿಟ್ಟುಬಿಡೇ, ಒಂದು ಸಲ ಹಿಡಿದ್ರೆ ಜನ್ಮಪೂರ್ತಿ ಬಿಡೋಕಾಗಲ್ವಂತೆ, ಯಾರು ಹೇಳಿದ್ರು ಚಿಕ್ಕಮ್ಮ, ಯಾರಾದ್ರೇನು, ಹೇಳ್ತಾರೆ, ಇತ್ತ ಸಾಣೆಯಣ್ಣ, ತಗೋ ತಂಗಿ, ನನ್ನ ಭಾವಮೈದ ತಗೊಂಡ, ಈಗ ನೋಡು ಆರಾಮಾಗಿ ಲಾರಿ ಓಡಿಸ್ತಾನೆ, ಮುಂಚೆ ಏನು ಓಡಿಸ್ತಿದ್ದ, ಮುಂಚೇನೂ ಲಾರೀನೇ, ಆದ್ರೆ ಈಗ ಹಾಡ್ಕೊಂಡು ಓಡಿಸ್ತಾನೆ. ನಾನು ಹಾಡುತ್ತಿಲ್ಲ. ನಾನು ಸುಮ್ಮನಿದ್ದೇನೆ. ಯಾವಾಗಿನಿಂದ ಸುಮ್ಮನಾದೆ, ಅದೂ ಗೊತ್ತಿಲ್ಲ, ಸೆಖೆ ಇಳಿದಾಗಿನಿಂದಲಾ, ದುರ್ಬೀನು ನನ್ನನ್ನು ಗಲ್ಲಾಪೆಟ್ಟಿಗೆಯಿಂದ ಬಿಡಿಸಿ ಪೂರ್ತಿ ಕತ್ತಲೆ ಕೋಣೆಗೇ ಹಾಕಿದಾಗಿನಿಂದಲಾ, ಅಮ್ಮ ಸಂಜೆ ಹೊತ್ತು ಟಿವಿಯಲ್ಲಿ ಅಪಘಾತದ ಸುದ್ದಿ ನೋಡುವುದನ್ನು ಬಿಟ್ಟಾಗಿನಿಂದಲಾ, ಮಾತ್ರೆಯಿಂದಲಾ, ಮಾತ್ರೆ ನುಂಗಿದೆ ಅನ್ನುವ ನಂಬಿಕೆಯಿಂದಲಾ, ಎಲ್ಲ ಒಂದೇ ಹೊತ್ತಿಗೆ ಬಂದವು, ಒಂದರ ಮೇಲೊಂದು ಜೋಡಿಸಿದ ಗಾಜುಗಳ ಹಾಗೆ, ಈಗ ಯಾವುದನ್ನು ತೆಗೆದರೆ ಮಸುಕಾಗುತ್ತದೆ ಹೇಳು.

ಅಜ್ಜಿಗೆ ಒಂದು ಕಥೆಯಿತ್ತು, ಒಂದಾನೊಂದು ಊರು, ಆ ಊರಿಗೊಬ್ಬ ಕಾವಲುಗಾರ, ಎಲೆ ಉದುರಿದರೆ ಕಹಳೆ, ಬೆಕ್ಕು ಹಾರಿದರೆ ಕಹಳೆ, ಚಂದ್ರ ಮೋಡದಿಂದ ಹೊರಬಂದರೆ ಕಳ್ಳ ಬಂದ ಅಂತ ಕಹಳೆ, ಊರವರಿಗೆ ನಿದ್ದೆಯಿಲ್ಲದೆ ಕಣ್ಣೆಲ್ಲ ಕೆಂಡದುಂಡೆಯಾಗಿ ಒಂದು ದಿನ ಎಲ್ಲರೂ ಸೇರಿ ಕಹಳೆಯೊಳಗೆ ಹತ್ತಿ ತುರುಕಿದರು, ಅಂದು ಊರು ನಿಶ್ಶಬ್ದ, ಸರಿ, ಎಲ್ಲರೂ ಮಲಗಿದರಾ ಅಂದರೆ ಮಲಗಲಿಲ್ಲ, ಎಲ್ಲರೂ ಹಾಸಿಗೆಯಲ್ಲಿ ಎದ್ದು ಕೂತು ಕಿವಿ ನಿಮಿರಿಸಿದರು, ಕಳ್ಳ ಬರಲಿಲ್ಲವೋ, ಬಂದರೂ ಇವನು ಊದಲಿಲ್ಲವೋ, ಆಮೇಲೇನಾಯ್ತಜ್ಜಿ, ಆಮೇಲಾ, ಒಂದು ಸಲ ಕಳ್ಳ ಬಂದು ಕಹಳೆಯನ್ನೇ ಕದ್ದೊಯ್ದ ಅನ್ನುತ್ತಿದ್ದಳು, ಇನ್ನೊಂದು ಸಲ ಕಾವಲುಗಾರನೇ ಮೊದಲ ಬಾರಿಗೆ ಗೊರಕೆ ಹೊಡೆದ ಅನ್ನುತ್ತಿದ್ದಳು, ಯಾವುದು ನಿಜ, ಎರಡೂ ನಿಜ ಕಣೇ ಪುಕ್ಕಿ, ಬೇರೆ ಬೇರೆ ದಿನ. ಪುಕ್ಕಲಿ ಅನ್ನುವುದನ್ನೇ ಮುದ್ದು ಮಾಡಿ ಪುಕ್ಕಿ, ಹೊರಗಿನವರು ಕೇಳಿದರೆ ಹೂವಿನದೋ ಹಕ್ಕಿಯದೋ ಹೆಸರು ಅಂದುಕೊಳ್ಳುತ್ತಿದ್ದರು. ಮಾತ್ರೆಯ ವಿಷಯ ಅಜ್ಜಿಗೆ ನಾವ್ಯಾರೂ ಹೇಳಿಲ್ಲ, ಹುಚ್ಚಿಗೆ ಕೊಡ್ತಾರಾ ಅಂತ ಕೇಳಿದರೆ ಏನು ಹೇಳುವುದು ಅಂತ ಅಮ್ಮನಿಗೆ ಭಯ. ಈ ವಾರ ಡಾಕ್ಟರಮ್ಮನನ್ನು ನೋಡಬೇಕು, ಮುಂದುವರಿಸುವುದೋ ನಿಧಾನವಾಗಿ ಬಿಡಿಸುವುದೋ ತೀರ್ಮಾನವಾಗಬೇಕು, ನಿನ್ನೆ ತನಕ ನನಗೆ ಬಿಡಬೇಕೆಂದೇ ಇತ್ತು, ಡಾಕ್ಟ್ರೇ ಏನೂ ಆಗಿಲ್ಲ, ಸುಮ್ಮನೆ ಬಾಯಿ ಒಣಗತ್ತೆ ಅಂತ ಹೇಳಲು ಸಿದ್ಧವಾಗಿದ್ದೆ, ಇವತ್ತು ಏನೂ ಆಗಿಲ್ಲ ಅನ್ನುವ ಹಾಗಿಲ್ಲ, ಏನೋ ಆಗಿದೆ, ಆದರೆ ಅದು ಗುಣವಾ ಕೇಡಾ, ಅಜ್ಜಿ ಬಿದ್ದಳು ಅಂತ ಕೇಳಿ ಇನ್ನೊಬ್ಬರ ಕಣ್ಣು ಪರೀಕ್ಷೆ ಮುಗಿಸುವ ಮೊಮ್ಮಗಳು ಗುಣವಾದವಳಾ, ಕಲ್ಲಾದವಳಾ. ಭಯಪಡುವುದು ಬಿಟ್ಟು ಬೇರೆ ರೀತಿಯಲ್ಲಿ ನಾನು ಯಾರನ್ನಾದರೂ ಪ್ರೀತಿಸಿದ್ದೇನಾ ಇಷ್ಟು ದಿನ, ಅಪ್ಪ ತಡವಾಗಿ ಬಂದರೆ ಭಯ, ಅಮ್ಮ ಕೆಮ್ಮಿದರೆ ಭಯ, ಅದನ್ನೇ ಅಕ್ಕರೆ ಅಂದುಕೊಂಡಿದ್ದೆ, ಭಯ ಹೋದರೆ ಅದರ ಕೈಹಿಡಿದು ಅಕ್ಕರೆಯೂ ಹೋಗಿಬಿಟ್ಟಿತಾ, ಮಗುವನ್ನು ತೊಳೆದ ನೀರಿನ ಜೊತೆ ಮಗುವನ್ನೂ ಚೆಲ್ಲಿದ ಹಾಗೆ — ಅಲ್ಲ, ಆಸ್ಪತ್ರೆ ಬಂತು, ಇಳೀಬೇಕು, ಸ್ವಲ್ಪ ಜಾಗ ಬಿಡಿ ಅಮ್ಮಾ, ಇಳೀಬೇಕು.

ಫಿನಾಯ್ಲಿನ ವಾಸನೆ, ಮೊದಲಾಗಿದ್ದರೆ ಈ ವಾಸನೆಗೇ ಗೇಟಿನಿಂದ ವಾಪಸು ಹೋಗುತ್ತಿದ್ದೆ, ಈಗ ಅದು ಬರೀ ವಾಸನೆ, ಬಿಳಿ ಗೋಡೆಯ ಉದ್ದ ಹಜಾರ, ಕೊನೆಯಲ್ಲಿ ಅಮ್ಮ ನಿಂತಿದ್ದಾಳೆ, ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಅಜ್ಜಿಯ ಚಪ್ಪಲಿ, ಒಂದೇ ಚಪ್ಪಲಿ, ಬಚ್ಚಲಿನ ಕಂದು ರಬ್ಬರಿನದು, ಬಂದ್ಯಾ, ಸೊಂಟದ ಹತ್ರ ಮುರಿದಿರಬೇಕು ಅಂದ್ರು, ಎಕ್ಸ್‌ರೇ ಆಗ್ಬೇಕು, ನೀನು ಕೂತ್ಕೋ, ನೀರು ಕುಡಿ, ಬಿದ್ದುಗಿದ್ದೀಯ, ಇಲ್ಲಮ್ಮ, ನಾನು ಸರಿಯಾಗಿದೀನಿ, ಸರಿಯಾಗಿದೀಯಾ ಅಂತ ಅಮ್ಮ ನನ್ನ ಮುಖವನ್ನು ಅನುಮಾನದಿಂದ ನೋಡುತ್ತಾಳೆ, ಯಾಕೆ ಸರಿಯಾಗಿದೀಯ? ತಳ್ಳುವ ಮಂಚದ ಮೇಲೆ ಅಜ್ಜಿ, ಇಷ್ಟು ಚಿಕ್ಕವಳಾಗಿದ್ದಳಾ ಇವಳು, ಹೊದಿಕೆಯಿಂದ ಒಂದು ಪಾದ ಹೊರಗೆ ತಿರುಗಿಕೊಂಡಿದೆ, ನೋಡಬಾರದ ಕಡೆಗೆ ತಿರುಗಿದೆ, ನರ್ಸಮ್ಮ, ಈಗ ಎಕ್ಸ್‌ರೇ ಮೇಜಿಗೆ ಎತ್ತಿ ಹಾಕ್ಬೇಕು, ಅಜ್ಜಿಗೆ ಜೋರು ನೋವಾಗತ್ತೆ, ನಿಮ್ಮಲ್ಲಿ ಯಾರಾದ್ರೂ ಗಟ್ಟಿ ಮನಸ್ಸಿನೋರು ತಲೆ ಕಡೆ ನಿಂತ್ಕೊಂಡು ಮಾತಾಡ್ಸಿ, ಅಮ್ಮ ತಕ್ಷಣ, ನಮ್ಮನೇಲಿ ಅಂಥೋರು ಯಾರೂ ಇಲ್ಲಮ್ಮ. ನಾನು ನಿಂತ್ಕೋತೀನಿ ಅಂದೆ. ಅಂದದ್ದು ನಾನೇ. ಅಜ್ಜಿ ಕಣ್ಣು ಬಿಟ್ಟಳು, ನೀನಾ ಪುಕ್ಕಿ, ನಿನಗ್ಯಾರೇ ಹೇಳಿದ್ದು, ನೀನು ಹೆದರ್ಕೋತೀಯ ಅಂತ ನಂಗೆ ಹೆದರಿಕೆ ಆಗಿತ್ತು, ಅಂದು ನನ್ನ ಮಣಿಕಟ್ಟು ಹಿಡಿದುಕೊಂಡಳು, ಹಿಡಿದು ಹೆಬ್ಬೆರಳನ್ನು ನಾಡಿಯ ಮೇಲಿಟ್ಟಳು, ಯಾವಾಗಲೂ ಹಾಗೇ, ಕಥೆ ಹೇಳುವಾಗ ಅವಳ ಹೆಬ್ಬೆರಳು ಅಲ್ಲೇ ಇರುತ್ತಿತ್ತು, ನನ್ನ ನಾಡಿ ಓಡತೊಡಗಿದರೆ ರಾಕ್ಷಸನನ್ನು ಬೇಗ ಕೊಂದುಬಿಡುತ್ತಿದ್ದಳು, ನಿಧಾನವಾದರೆ ಕಾಡಿನಲ್ಲಿ ಇನ್ನೊಂದು ದಾರಿ ತೆರೆಯುತ್ತಿದ್ದಳು, ಕಥೆಯ ಲಗಾಮು ನನ್ನ ಮಣಿಕಟ್ಟಿನಲ್ಲಿತ್ತು ಅಂತ ನನಗೆ ತಿಳಿದದ್ದು ದೊಡ್ಡವಳಾದ ಮೇಲೆ — ಈಗ ಅವಳ ಹೆಬ್ಬೆರಳು ಹುಡುಕುತ್ತಿದೆ, ಸ್ವಲ್ಪ ಮೇಲೆ, ಸ್ವಲ್ಪ ಪಕ್ಕಕ್ಕೆ, ಎಲ್ಲೇ ನಿನ್ನ ಕುದುರೆ, ಓಡ್ತಾನೇ ಇಲ್ಲ? ಮಾತ್ರೆ ತಗೋತಿದೀನಜ್ಜಿ, ಹೆದರಿಕೆಗೆ, ಹೇಳಿರಲಿಲ್ಲ ನಿಂಗೆ. ಹಿಂದಿನಿಂದ ಅಮ್ಮ, ಶ್, ಅಂದಳು. ಅಜ್ಜಿ ಚಾವಣಿ ನೋಡುತ್ತ, ಕುದುರೆ ಪಳಗಿತಾ, ಕಾಲು ಕಟ್ಟಿಹಾಕಿದಾರಾ? ಗೊತ್ತಾಗ್ತಿಲ್ಲಜ್ಜಿ. ಹೋಗ್ಲಿ ಬಿಡು, ಎರಡ್ರಲ್ಲಿ ಒಂದಾಗಿರತ್ತೆ, ಈಗ ಗಟ್ಟಿಯಾಗಿ ಹಿಡ್ಕೋ, ಇವತ್ತು ನನ್ನ ಕುದುರೆ ಓಡ್ತಿದೆ. ಹೌದು, ಓಡುತ್ತಿತ್ತು, ನನ್ನ ಬೆರಳಡಿಯಲ್ಲಿ ಅವಳ ನಾಡಿ ದಿಕ್ಕೆಟ್ಟು ಓಡುತ್ತಿತ್ತು, ರಾಕ್ಷಸರನ್ನೆಲ್ಲ ಕೊಂದವಳಿಗೆ ಭಯವಾಗಿತ್ತು, ಇಷ್ಟು ವರ್ಷ ನಾನು ಅದನ್ನು ನೋಡಿರಲಿಲ್ಲ, ನನ್ನದೇ ಸದ್ದಿನಲ್ಲಿ ಇನ್ನೊಬ್ಬರದು ಹೇಗೆ ಕೇಳಬೇಕು, ಎತ್ತಿ, ಒಂದೇ ಸಲ, ನಿಧಾನ, ಅಜ್ಜಿ ಕೂಗಿದಳು, ನಾನು ಅವಳ ತಲೆ ಹಿಡಿದು ಏನೇನೋ ಮಾತಾಡಿದೆ, ಮೂಗಿನ ಮೇಲೆ ಗಾಜು ಕಿಣಿಗುಟ್ಟುವ ದರ್ಜಿಯ ಬಗ್ಗೆ, ಸೂಜಿಯ ಕಣ್ಣಿನ ಬಗ್ಗೆ, ನನ್ನ ಕೈ ಅಲುಗಲಿಲ್ಲ, ಆಮೇಲೆ ನೀವೆಲ್ಲ ಹೊರಗೆ ಅಂದರು, ಬಾಗಿಲು ಹಾಕಿಕೊಂಡಿತು.

ಬೆಂಚಿನ ಮೇಲೆ ಅಮ್ಮ, ಪಕ್ಕದಲ್ಲಿ ನಾನು, ಅಮ್ಮನ ಮೊಣಕಾಲು ನಡುಗುತ್ತಿದೆ, ನನ್ನ ನಡುಕ ಯಾರ ಮನೆಯ ಆಸ್ತಿ ಅಂತ ಈಗ ಕಾಣುತ್ತಿದೆ, ನಿಂಗೆ ಒಳಗೆ ನಿಜವಾಗ್ಲೂ ಹೆದರಿಕೆ ಆಗ್ಲಿಲ್ವೇನೇ, ಇಲ್ಲಮ್ಮ, ಹಾಗಾದ್ರೆ ಅದು ಕೆಲಸ ಮಾಡ್ತಿದೆ ಅನ್ನು, ಗೊತ್ತಿಲ್ಲ, ಇನ್ನೇನು ಗೊತ್ತಾಗ್ಬೇಕು ನಿಂಗೆ, ನಂಗೂ ಒಂದು ಕೊಡು, ಹಾಗೆಲ್ಲ ತಗೋಬಾರ್ದಮ್ಮ, ಕೊಡದಿದ್ರೆ ಬಿಡು, ಜುಗ್ಗಿ. ನಕ್ಕೆವು, ಸ್ವಲ್ಪ. ಚಪ್ಪಲಿ ಇನ್ನೂ ಅವಳ ಕೈಯಲ್ಲಿದೆ, ಅದನ್ನ ಕೆಳಗಿಡಮ್ಮ, ಇಡ್ತೀನಿ, ಇಡುವುದಿಲ್ಲ, ಇನ್ನೊಂದು ಎಲ್ಲಿ ಹೋಯ್ತೋ, ಕರ್ಕೊಂಡು ಬರುವಾಗ ಕಾಲಲ್ಲಿ ಇದೊಂದೇ ಇತ್ತು ಅನ್ನುತ್ತಾಳೆ. ಡಾಕ್ಟರಮ್ಮನಿಗೆ ಏನು ಹೇಳಲಿ, ಕೆಲಸ ಮಾಡ್ತಿದೆ ಅನ್ನಲಾ, ಆಸ್ಪತ್ರೆಯೊಳಗೆ ಬಂದೆ, ತಲೆ ಹಿಡಿದೆ, ಕೈ ನಡುಗಲಿಲ್ಲ, ಅದು ಮಾತ್ರೆಯ ಕೈಯಾ ನನ್ನ ಕೈಯಾ, ಅಥವಾ ಅಮ್ಮ ನಮ್ಮನೇಲಿ ಅಂಥೋರು ಯಾರೂ ಇಲ್ಲ ಅಂದದ್ದಕ್ಕೆ ಹುಟ್ಟಿದ ಛಲವಾ, ಕಲ್ಲಾಗಿದ್ದೇನೆ ಅನ್ನಲಾ, ಆದರೆ ಕಲ್ಲಿಗೆ ಇನ್ನೊಬ್ಬರ ನಾಡಿ ಕೇಳಿಸುತ್ತದಾ, ಮುಂದುವರಿಸಿ ಅನ್ನಲಾ — ಚಪ್ಪಲಿಯ ಹಿಮ್ಮಡಿ ಒಂದು ಕಡೆಗೇ ಸವೆದಿದೆ, ಎಡಕ್ಕೆ, ಅಜ್ಜಿ ಎಡಕ್ಕೆ ವಾಲಿ ನಡೆಯುತ್ತಿದ್ದಳು ಅಂತ ನನಗೆ ತಿಳಿದೇ ಇರಲಿಲ್ಲ, ಒಂದೇ ಸೂರಿನಡಿ ಇದ್ದೆ, ಅವಳು ಯಾವಾಗ ಸಾಯುತ್ತಾಳೋ ಅಂತ ದಿನಾ ಹೆದರುತ್ತಿದ್ದೆ, ಹೇಗೆ ನಡೆಯುತ್ತಾಳೆ ಅಂತ ನೋಡಿರಲಿಲ್ಲ. ಒಳಗೆ ಏನೋ ಬಂತು, ಇದು ಆ ಭಯವಲ್ಲ, ಓಡುವಂಥದ್ದಲ್ಲ, ಇದು ನಿಧಾನ, ಭಾರ, ಇದರ ಪರಿಚಯ ನನಗಿಲ್ಲ, ಬಾಗಿಲಲ್ಲಿ ಯಾವಾಗಲೂ ಭಯವೇ ನಿಂತಿರುತ್ತಿತ್ತಲ್ಲ, ಇದು ಯಾವತ್ತು ಒಳಗೆ ಬಂದಿತ್ತು, ಅಳ್ತಿದೀಯೇನೇ, ಇಲ್ಲಮ್ಮ, ಹೌದು, ಗೊತ್ತಿಲ್ಲ, ಹಾಗಾದ್ರೆ ಅದು ಕೆಲಸ ಮಾಡ್ತಿಲ್ವಾ, ಅದಲ್ಲಮ್ಮ ಇದು, ಅದು ಬೇರೆ, ಇದು — ಕಂದು ರಬ್ಬರು, ಹೆಬ್ಬೆರಳು ಕೂತು ಕೂತು ಬಿದ್ದ ಗುಳಿ, ಆ ಗುಳಿಯಲ್ಲಿ ಬಚ್ಚಲಿನ ಒಂದು ಹನಿ ನೀರು ಇನ್ನೂ ಆರದೆ, ಅಮ್ಮನ ಕೈ ನಡುಗಿದಾಗಲೆಲ್ಲ ಅದೂ ನಡುಗುತ್ತ, ಚೆಲ್ಲದೆ, ಡಾಕ್ಟ್ರೇ, ಇವತ್ತು ನಂಗೆ ಕಂಡದ್ದು ಇದು, ಚಪ್ಪಲಿ, ಒಂದೇ, ಒಂದು ಕಡೆ ಸವೆದದ್ದು, ಗುಳಿಯಲ್ಲಿ ಒಂದು ಹನಿ